ನೆರಳಿಲ್ಲದ ಮೋಡ

ನಮ್ಮ ವಿಭಾಗದ ಕೆಲಸ ಮೋಡ ಕತ್ತರಿಸುವುದು. ಯಾರಾದರೂ ಕೇಳಿದರೆ ನಾನು ಹೀಗೇ ಹೇಳುತ್ತಿದ್ದೆ. ಕೇಳಿದವರು ನಕ್ಕರೆ ಸಿಟ್ಟು ಬರುತ್ತಿತ್ತು, ನಗದಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತು. ಉಪಗ್ರಹ ದಿನಾ ಬೆಳಿಗ್ಗೆ ಮೇಲಿನಿಂದ ಚಿತ್ರ ಕಳಿಸುತ್ತದೆ. ಕಾಡು, ಹೊಲ, ನದಿ, ಸರೋವರ, ಯಾವುದು ಎಷ್ಟು ಬಿಸಿಯಿದೆ ಎಂಬುದು ಅದರಲ್ಲಿ ಬಣ್ಣವಾಗಿ ಕಾಣುತ್ತದೆ. ಮೋಡ ಅಡ್ಡ ಬಂದರೆ ಮಾತ್ರ ಕಾಣುವುದು ಮೋಡದ ಬಿಸಿ, ಕೆಳಗಿನದ್ದಲ್ಲ. ಹಾಗಾಗಿ ಮೋಡದ ಸುತ್ತ ಗೆರೆ ಎಳೆದು, ಆ ತುಂಡನ್ನು ತೆಗೆದುಹಾಕಿ, ಉಳಿದದ್ದನ್ನು ಮುಂದಕ್ಕೆ ಕಳಿಸಬೇಕು. ಅರ್ಧ ಕೆಲಸ ಯಂತ್ರದ್ದು, ಅರ್ಧ ಮನುಷ್ಯರ ಕಣ್ಣಿನದು. ಎರಡನೇ ಮಹಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ ನಾವು ಒಂಬತ್ತು ಜನ ಇಡೀ ದಿನ ಆಕಾಶ ನೋಡುತ್ತಾ ಕೂರುತ್ತೇವೆ. ಹೊರಗೆ ಮಳೆ ಬಂದದ್ದು ನಮಗೆ ಗೊತ್ತಾಗುವುದು ಸಂಜೆ ಮನೆಗೆ ಹೊರಟಾಗಲೇ.

ನಾನು ಆ ಕೋಣೆಯ ಮುಖ್ಯಸ್ಥೆ. ಹೊಸಬರಿಗೆ ಪಾಠ ಹೇಳುವವಳೂ ನಾನೇ. ಮೋಡಕ್ಕೆ ನೆರಳಿರುತ್ತದೆ, ಬಿಳಿ ಕಂಡರೆ ಪಕ್ಕದಲ್ಲಿ ಕಪ್ಪು ಹುಡುಕಿ ಎಂದು ಶುರು ಮಾಡುತ್ತಿದ್ದೆ. ನೀರಿನ ಮೇಲಾದರೆ ನೆರಳು ಹುಡುಕುತ್ತಾ ಕೂರಬೇಡಿ, ನೀರೇ ಕಪ್ಪಗಿರುವಾಗ ನೆರಳು ಎಲ್ಲಿಂದ ಕಂಡೀತು ಎನ್ನುತ್ತಿದ್ದೆ. ಕೊನೆಗೆ ಅನುಮಾನ ಬಂದರೆ ಕತ್ತರಿಸಿ ಎಂದು ಮುಗಿಸುತ್ತಿದ್ದೆ. ಒಂದು ಒಳ್ಳೆಯ ತುಂಡು ಕಳೆದುಹೋದರೆ ನಷ್ಟವಿಲ್ಲ, ಒಂದು ಸುಳ್ಳು ತುಂಡು ಉಳಿದರೆ ವರದಿಯೇ ಹಾಳು. ಈ ಮಾತುಗಳನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ್ದರು, ಕೆಳಗೆ ನನ್ನ ಸಹಿ. ಬೆನ್ನ ಹಿಂದೆ ನನಗೆ ಕತ್ತರಿಯಮ್ಮ ಎಂದು ಹೆಸರಿಟ್ಟಿದ್ದರು. ಗೊತ್ತಿತ್ತು. ಮೇಲೆ ಗದರಿದರೂ ಒಳಗೊಳಗೆ ಹೆಮ್ಮೆಯೇ ಇತ್ತು.

ನನಗೆ ಒಬ್ಬನೇ ತಮ್ಮ. ಊರಿಂದ ಮೂರು ಗಂಟೆ ದೂರದ ದೊಡ್ಡ ಸರೋವರದ ಪೂರ್ವದ ಮೂಲೆಯಲ್ಲಿ, ಬಲೆಯ ಗೂಡುಗಳನ್ನು ತೇಲಿಬಿಟ್ಟು ಮೀನಿನ ಮರಿ ಸಾಕುತ್ತಾನೆ. ಓದಿನಲ್ಲಿ ಹಿಂದೆ, ಕೆಲಸದಲ್ಲಿ ಮುಂದೆ. ಅಪ್ಪ ಅಮ್ಮ ಬೇಗ ಹೋದರು, ಅವನಿಗೆ ಆಗ ಹನ್ನೊಂದು ವರ್ಷ. ಅಂದಿನಿಂದ ಅವನಿಗೆ ಅಕ್ಕ ಹೇಳಿದಳು ಎಂದರೆ ಮುಗಿಯಿತು. ಅಂಗಿಯ ಬಣ್ಣದಿಂದ ಹಿಡಿದು ಹೆಂಡತಿಯವರೆಗೆ ನನ್ನನ್ನು ಕೇಳದೆ ಅವನು ಏನನ್ನೂ ಆರಿಸಿದವನಲ್ಲ. ಅವನ ಹೆಂಡತಿ ಇದನ್ನು ನನ್ನೆದುರೇ ಹೇಳಿ ನಗುತ್ತಾಳೆ. ಆ ನಗುವಿನಲ್ಲಿ ಸ್ವಲ್ಪ ಉಪ್ಪು ಹೆಚ್ಚೇ ಇರುತ್ತದೆ.

ಅದೇ ದಡದಲ್ಲಿ ಅಣು ವಿದ್ಯುತ್ ಸ್ಥಾವರವಿದೆ, ಎರಡು ಘಟಕ. ಯಂತ್ರ ತಣಿಸಲು ಪಶ್ಚಿಮದಿಂದ ನೀರು ಎಳೆದುಕೊಂಡು, ಬಿಸಿಯಾದ ನೀರನ್ನು ಪೂರ್ವದ ಮೂಲೆಗೆ ಬಿಡುತ್ತದೆ. ಬಿಟ್ಟ ನೀರು ಸರೋವರದ ಸಹಜ ಬಿಸಿಗಿಂತ ಐದು ಡಿಗ್ರಿ ಮೀರಬಾರದು ಎಂಬುದು ಕಾನೂನು. ಮೀರಿದೆಯೋ ಇಲ್ಲವೋ ಎಂದು ಹೇಳುವುದು ನಮ್ಮ ನಕ್ಷೆ.

ಎಂಟು ವರ್ಷದ ಹಿಂದಿನ ಚಳಿಗಾಲದಲ್ಲಿ ತಮ್ಮ ಫೋನು ಮಾಡಿದ್ದ. ಮೂಲೆಯ ನೀರು ಬಿಸಿಯಾಗಿದೆ, ಮರಿಗಳು ರಾಶಿ ರಾಶಿ ಸಾಯುತ್ತಿವೆ, ಥರ್ಮಾಮೀಟರಿನಲ್ಲಿ ಹತ್ತು ಡಿಗ್ರಿ ಹೆಚ್ಚು ತೋರಿಸುತ್ತಿದೆ ಎಂದ. ಥರ್ಮಾಮೀಟರ್ ಎಲ್ಲಿಯದು ಎಂದು ಕೇಳಿದೆ. ಪೇಟೆಯದು ಎಂದ. ನಾನು ನಕ್ಕೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ ಕಣೋ ಎಂದು ಬುದ್ಧಿ ಹೇಳಿ, ಆ ಚಳಿಗಾಲದ ನಕ್ಷೆಯನ್ನು ಅಂಚೆಯಲ್ಲಿ ಕಳಿಸಿದೆ. ಪೂರ್ವದ ಮೂಲೆ ಅದರಲ್ಲಿ ತಣ್ಣಗೆ ನೀಲಿಯಾಗಿತ್ತು. ಅಡಿಯಲ್ಲಿ ನನ್ನ ಸಹಿ, ಇಲಾಖೆಯ ಮೊಹರು. ವಾರ ಬಿಟ್ಟು ಅವನೇ ಫೋನು ಮಾಡಿ, ಥರ್ಮಾಮೀಟರನ್ನು ನೀರಿಗೆ ಎಸೆದುಬಿಟ್ಟೆ ಅಕ್ಕ ಎಂದು ತಾನೂ ನಕ್ಕ. ಆಮೇಲೆ ಬಿಸಿಯ ಮಾತು ಎತ್ತಲಿಲ್ಲ.

ಮರಿಗಳು ಮಾತ್ರ ಪ್ರತಿ ಚಳಿಗಾಲ ಸಾಯುತ್ತಲೇ ಇದ್ದವು. ನೀರಿನಲ್ಲಿ ದೋಷವಿಲ್ಲ ಎಂದ ಮೇಲೆ ಗೂಡಿನಲ್ಲೇ ರೋಗವಿರಬೇಕು ಎಂದು ಮೀನುಗಾರಿಕೆ ಇಲಾಖೆಯವರು ಬರೆದುಕೊಟ್ಟರು. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು. ನಿನ್ನ ಗೂಡಿನಿಂದಲೇ ನಮ್ಮ ಮೀನಿಗೂ ರೋಗ ಹತ್ತುತ್ತಿದೆ ಎಂದು ಅಕ್ಕಪಕ್ಕದವರು ಅವನ ದೋಣಿಯ ಹತ್ತಿರ ದೋಣಿ ಕಟ್ಟುವುದನ್ನೂ ಬಿಟ್ಟರು. ಅವನು ಬಲೆಗಳನ್ನು ಬಿಸಿಲಿಗೆ ಹಾಕಿ, ಔಷಧಿಯಲ್ಲಿ ಅದ್ದಿ, ಮತ್ತೆ ಹೊಸ ಮರಿ ತಂದು ಬಿಡುತ್ತಿದ್ದ. ಪಾಪ ಎನಿಸುತ್ತಿತ್ತು. ಇನ್ನೂ ಸ್ವಲ್ಪ ಶುಚಿಯಾಗಿ ಕೆಲಸ ಮಾಡಬಾರದೇ ಎಂದೂ ಎನಿಸುತ್ತಿತ್ತು. ಎರಡನೆಯದನ್ನು ಅವನಿಗೆ ಹೇಳಿಯೂ ಇದ್ದೆ.

ಕಳೆದ ವರ್ಷ ಸರ್ಕಾರ ಹೊಸ ನೀತಿ ತಂದಿತು. ಇನ್ನು ಮುಂದೆ ಯಾವ ಅಣು ಸ್ಥಾವರವನ್ನು ಹಿಗ್ಗಿಸಬೇಕಾದರೂ ಉಪಗ್ರಹದ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ದಾಖಲೆ ಬೇಕು, ಬಿಸಿಯ ಮಿತಿ ಮೀರಿದ್ದರೆ ಹೊಸ ಘಟಕ ಇಲ್ಲ. ಆ ದಿನ ಕೋಣೆಯಲ್ಲಿ ಎಲ್ಲರಿಗೂ ನನ್ನ ಖರ್ಚಿನಲ್ಲೇ ಚಹಾ ತರಿಸಿಕೊಟ್ಟೆ. ಇಷ್ಟು ವರ್ಷ ನಮ್ಮ ನಕ್ಷೆಗಳು ಕಪಾಟಿನ ಧೂಳಿಗೆ ಮಾತ್ರ ಉಪಯೋಗವಾಗಿದ್ದವು. ಈಗ ಕಾಗದದ ಮೇಲಾದರೂ ನಮ್ಮ ಮಾತಿಗೆ ಬೆಲೆ ಬಂತು ಎಂದುಕೊಂಡೆ. ಮೊದಲು ಬಂದ ಅರ್ಜಿಯೇ ದೊಡ್ಡ ಸರೋವರದ್ದು, ಮೂರನೇ ಮತ್ತು ನಾಲ್ಕನೇ ಘಟಕ. ಒಪ್ಪಿಗೆ ಸಿಕ್ಕರೆ ಪೂರ್ವದ ಮೂಲೆಗೆ ಅಡ್ಡಗೋಡೆ ಕಟ್ಟಿ ಅದನ್ನು ಬಿಸಿನೀರಿನ ಕಾಲುವೆ ಮಾಡುತ್ತಾರೆ, ತಮ್ಮ ಗೂಡುಗಳನ್ನು ಎತ್ತಿಕೊಂಡು ಹೊರಡಬೇಕು. ಎಲ್ಲಿಗೆ? ರೋಗದ ಗೂಡು ಎಂದು ಹೆಸರಾದವನಿಗೆ ಬೇರೆ ದಡದಲ್ಲಿ ಯಾರು ಜಾಗ ಬಿಡುತ್ತಾರೆ? ಆದರೂ ದಾಖಲೆ ನೀಲಿಯಾಗಿದ್ದರೆ ನಾನೇನು ಮಾಡಲಿ ಎಂದು ಸಮಾಧಾನ ಹೇಳಿಕೊಂಡಿದ್ದೆ. ತಮ್ಮನಿಗಾಗಿ ನಕ್ಷೆಯ ಬಣ್ಣ ಬದಲಿಸುವವಳು ನಾನಲ್ಲ.

ಹೊಸ ನೀತಿಯಲ್ಲಿ ಒಂದು ಸಣ್ಣ ಷರತ್ತಿತ್ತು: ಯಾವ ದಿನ ಎಷ್ಟು ಮೋಡ ಕತ್ತರಿಸಿದ್ದೀರಿ, ಪಟ್ಟಿ ಕೊಡಿ. ಅರ್ಜಿ ತೀರ್ಮಾನಿಸುವ ಸಭೆ ಶುಕ್ರವಾರ. ಮಂಗಳವಾರ ಮಧ್ಯಾಹ್ನ ನಾನೇ ಪಟ್ಟಿ ಮಾಡಲು ಕೂತೆ.

ಹನ್ನೊಂದು ಚಳಿಗಾಲಗಳಲ್ಲಿ ಪೂರ್ವದ ಮೂಲೆಯಲ್ಲಿ ಒಂದು ಸಣ್ಣ ಮೋಡ ಪ್ರತಿ ಬೆಳಿಗ್ಗೆ ಇತ್ತು. ಸರೋವರದ ಉಳಿದ ಭಾಗ ಸ್ವಚ್ಛವಾಗಿದ್ದ ದಿನವೂ ಇತ್ತು. ಗಾಳಿ ಬೀಸಿದ ದಿನ ಉದ್ದವಾಗಿ, ಇಲ್ಲದ ದಿನ ಗುಂಡಗೆ. ನಮ್ಮ ಒಂಬತ್ತು ಜನರಲ್ಲಿ ಯಾರ ಕೈಗೆ ಬಂದರೂ ಅದನ್ನು ಅಚ್ಚುಕಟ್ಟಾಗಿ ಕತ್ತರಿಸಿದ್ದರು. ಒಂದೇ ಒಂದು ಚಳಿಗಾಲದಲ್ಲಿ ಮಾತ್ರ ನಲವತ್ತು ದಿನ ಆ ಮೋಡ ಇರಲಿಲ್ಲ. ನಾನು ದಿನಾಂಕ ಬರೆದುಕೊಂಡು ಸ್ಥಾವರದ ವಾರ್ಷಿಕ ವರದಿ ತೆಗೆದು ನೋಡಿದೆ. ಇಂಧನ ಬದಲಿಸಲು ಎರಡೂ ಘಟಕಗಳನ್ನು ನಿಲ್ಲಿಸಿದ್ದು ಅದೇ ನಲವತ್ತು ದಿನ.

ಅದು ಮೋಡವಲ್ಲ, ಹಬೆ. ಚಳಿಯ ಬೆಳಗು, ಬಿಸಿ ನೀರು, ಮೇಲೆ ಹಬೆ. ಒಲೆಯ ಮೇಲೆ ಪಾತ್ರೆ ಇಟ್ಟ ಯಾರಿಗಾದರೂ ತಿಳಿಯುವ ವಿಷಯ. ನೀರು ಹೆಚ್ಚು ಬಿಸಿಯಾದಷ್ಟೂ ಹಬೆ ಹೆಚ್ಚು, ಹಬೆ ಹೆಚ್ಚಾದಷ್ಟೂ ನಾವು ಕತ್ತರಿಸಿದ್ದು ಹೆಚ್ಚು. ಕತ್ತರಿಸಿದ ಜಾಗಕ್ಕೆ ಸುತ್ತಲ ನೀರಿನ ಬಣ್ಣ ತುಂಬುವುದು ನಮ್ಮ ಪದ್ಧತಿ. ಹಾಗಾಗಿ ಅಲ್ಲಿ ನೀಲಿ. ಬೇಸಿಗೆಯಲ್ಲಿ ಹಬೆ ಏಳದು, ಆದರೆ ಆಗ ಸ್ಥಾವರ ಹೆಚ್ಚು ನೀರು ಎಳೆದು ಬಿಡುವುದರಿಂದ ವ್ಯತ್ಯಾಸ ನಾಲ್ಕು ಡಿಗ್ರಿಯೊಳಗೇ ಉಳಿಯುತ್ತಿತ್ತು. ಮೂಲ ಚಿತ್ರಗಳನ್ನು ಮೂರು ವರ್ಷ ಮಾತ್ರ ಇಡುತ್ತೇವೆ. ಇದ್ದಷ್ಟನ್ನು ತೆರೆದು, ಗಾಳಿಗೆ ಹಬೆ ಹರಿದ ದಿನಗಳಲ್ಲಿ ಅಂಚಿನ ನೀರು ನೋಡಿದೆ. ಒಂಬತ್ತು ಡಿಗ್ರಿ. ಹತ್ತು. ಒಂದು ದಿನ ಹನ್ನೊಂದೂವರೆ. ಪಕ್ಕದಲ್ಲಿ ನೆರಳು ಹುಡುಕಿದೆ. ದಡದ ಬಿಳಿ ಮರಳಿನ ಮೇಲೆ ಹಬೆ ಚಾಚಿಕೊಂಡ ಕಡೆ ಕೂಡ ನೆರಳಿರಲಿಲ್ಲ, ನೆಲಕ್ಕೇ ಅಂಟಿಕೊಂಡದ್ದಕ್ಕೆ ಎಲ್ಲಿಯ ನೆರಳು. ನೀರಿನ ಹತ್ತಿರ ನೆರಳು ಹುಡುಕಬೇಡಿ ಎಂದು ಕಲಿಸಿದವಳು ನಾನೇ.

ತಲೆ ಎತ್ತಿ ನೋಡಿದೆ. ಕೋಣೆಯಲ್ಲಿ ಎಂಟು ಜನ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದರು. ಅವರಲ್ಲಿ ಒಬ್ಬನ ಪರದೆಯ ಮೇಲೆ ಅಂದಿನ ದೊಡ್ಡ ಸರೋವರ ಇತ್ತು. ನಾನು ನೋಡುತ್ತಿದ್ದಂತೆಯೇ ಅವನು ಪೂರ್ವದ ಮೂಲೆಗೆ ಗೆರೆ ಎಳೆದು ಕತ್ತರಿಸಿದ.

ನಿರ್ದೇಶಕರ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ, ನಿವೃತ್ತಿಗೆ ನಾಲ್ಕು ತಿಂಗಳಿತ್ತು ಅಷ್ಟೇ. ಎಲ್ಲ ಕೇಳಿ, ಕನ್ನಡಕ ಒರೆಸಿಕೊಂಡು, ಹನ್ನೊಂದು ವರ್ಷ ಯಾರ ಕಣ್ಣಿಗೂ ಬೀಳದ್ದು ಇನ್ನು ಮೂರು ದಿನ ಬೀಳದಿದ್ದರೆ ಆಗದೇ ಎಂದು ಕೇಳಿದರು. ನಾನು ಕೂಗಾಡಿದೆ. ಕೂಗಾಡುವುದು ನನಗೆ ಸುಲಭ, ಉಸಿರಾಡಿದಷ್ಟೇ ಸುಲಭ. ಕೊನೆಗೆ ಅವರು, ಸಭೆಗೆ ನೀವೇ ಹೋಗಿ, ನೀವೇ ಹೇಳಿ, ನಾನು ತಡೆಯುವುದಿಲ್ಲ ಎಂದರು. ಆಗ ಅದು ದೊಡ್ಡ ಗೆಲುವಿನಂತೆ ಕಂಡಿತು.

ಬುಧವಾರ, ಗುರುವಾರ ನಾನು ಮನುಷ್ಯರ ಹಾಗೆ ಊಟ ಮಾಡಲಿಲ್ಲ, ಮಲಗಲಿಲ್ಲ. ಆದರೆ ನಿಜ ಹೇಳಬೇಕೆಂದರೆ ಸಂತೋಷವೂ ಇತ್ತು. ತಪ್ಪು ನನ್ನದು, ಒಪ್ಪಿಕೊಳ್ಳುತ್ತೇನೆ, ಕೆಲಸ ಹೋದರೆ ಹೋಗಲಿ. ಮಾಡಿದ್ದುಣ್ಣೋ ಮಹಾರಾಯ. ಆದರೆ ಘಟಕ ನಿಲ್ಲುತ್ತದೆ. ತಮ್ಮನ ಮೂಲೆ ಉಳಿಯುತ್ತದೆ. ರೋಗದ ಹೆಸರು ಅವನ ಮೇಲಿಂದ ಇಳಿಯುತ್ತದೆ. ಬಸ್ಸಿನಲ್ಲಿ ಕೂತಾಗ ಅವನ ಪಕ್ಕದ ದೋಣಿಯವರು ನಾಚಿಕೊಂಡು ಬಂದು ಮಾತಾಡಿಸುವುದನ್ನೆಲ್ಲ ಊಹಿಸಿಕೊಂಡೆ. ಇಷ್ಟು ವಯಸ್ಸಾಗಿಯೂ ಬುದ್ಧಿ ಬಂದಿರಲಿಲ್ಲ.

ಸಭೆಯಲ್ಲಿ ಉದ್ದನೆಯ ಮೇಜು, ಹದಿನಾಲ್ಕು ಕುರ್ಚಿ, ಪ್ರತಿಯೊಬ್ಬರ ಮುಂದೆ ಚೂಪು ಮಾಡಿದ ಪೆನ್ಸಿಲ್. ನಡೆಸುತ್ತಿದ್ದವರು ಅಧೀನ ಕಾರ್ಯದರ್ಶಿ, ಮೆತ್ತಗಿನ ದನಿಯ ಮನುಷ್ಯ. ನನ್ನ ಮಾತನ್ನು ನಡುವೆ ಒಮ್ಮೆಯೂ ತಡೆಯಲಿಲ್ಲ. ಚಿತ್ರಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ನಿಮ್ಮ ಪ್ರಾಮಾಣಿಕತೆ ದೊಡ್ಡದು ಎಂದರು. ಆಗಲೇ ನನಗೆ ಭಯವಾಗಬೇಕಿತ್ತು. ಮೂಗಿಗೆ ತುಪ್ಪ ಸವರುವವರು ಅನ್ನ ಬಡಿಸುವುದಿಲ್ಲ.

ಆಮೇಲೆ ಪ್ರಶ್ನೆ ಶುರುವಾಯಿತು. ಮೂಲ ಚಿತ್ರ ಇರುವುದು ಮೂರು ವರ್ಷದ್ದು, ಹಾಗಾದರೆ ಮಿಕ್ಕ ಎಂಟು ವರ್ಷ ಅದು ಹಬೆಯೇ ಎಂದು ಪ್ರಮಾಣ ಮಾಡುತ್ತೀರಾ? ಮಾಡಲಾರೆ, ಆದರೆ ಬೇರೆ ಏನಾಗಲು ಸಾಧ್ಯ ಎಂದೆ. ಈ ಮೂರು ವರ್ಷದಲ್ಲಾದರೂ ಪ್ರತಿ ದಿನದ್ದೂ ಹಬೆಯೇ, ಒಂದು ದಿನವೂ ನಿಜವಾದ ಮೋಡ ಇರಲಿಲ್ಲ ಎನ್ನುತ್ತೀರಾ? ಅದನ್ನೂ ಹೇಳಲಾರೆ ಎಂದೆ. ಅವರು ಕಡತದಿಂದ ಒಂದು ಹಾಳೆ ತೆಗೆದರು. ನಮ್ಮ ಗೋಡೆಯ ಮೇಲಿದ್ದದ್ದೇ, ನನ್ನ ಸಹಿಯದ್ದು.

"ಅನುಮಾನ ಬಂದ್ರೆ ಕತ್ತರಿಸಿ ಅಂತ ನೀವೇ ಬರ್ದಿದ್ದೀರಿ ಮೇಡಂ. ಒಳ್ಳೆ ನಿಯಮ. ಈಗ ಈ ಮೂಲೆಯ ಹನ್ನೊಂದು ವರ್ಷದ ಮೇಲೂ ಅನುಮಾನ ಇದೆ ಅಂತ ನೀವೇ ಹೇಳ್ತಿದ್ದೀರಿ. ಹಾಗಾದ್ರೆ ಅಷ್ಟನ್ನೂ ಕತ್ತರಿಸೋದೇ ಸರಿ ಅಲ್ವಾ?"

ನನಗೆ ತಕ್ಷಣ ಅರ್ಥವಾಗಲಿಲ್ಲ. ಮೇಜಿನ ಸುತ್ತ ಇದ್ದವರಿಗೆ ಆಯಿತು, ಪೆನ್ಸಿಲುಗಳು ಓಡಿದವು. ನೀತಿಯ ಕೊನೆಯ ಪುಟದಲ್ಲಿ ಇನ್ನೊಂದು ಸಾಲಿತ್ತು. ಉಪಗ್ರಹದ ದಾಖಲೆ ಲಭ್ಯವಿಲ್ಲದ ಕಡೆ ಸ್ಥಾವರದ ಸ್ವಂತ ಮಾಪಕದ ದಾಖಲೆಯನ್ನೇ ಒಪ್ಪತಕ್ಕದ್ದು. ಸ್ಥಾವರದ ಮಾಪಕ ಇರುವುದು ಪಶ್ಚಿಮದಲ್ಲಿ, ತಣ್ಣೀರು ಒಳಗೆ ಹೋಗುವ ಬಾಯಿಯಲ್ಲಿ. ನಾನು ಎದ್ದು ನಿಂತು ಇದನ್ನು ಹೇಳಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುತ್ತಿದ್ದೀರಲ್ಲ ಎಂದೂ ಹೇಳಿದೆ. ಯಾರೋ ಒಬ್ಬರು ನಕ್ಕರು, ಗಾದೆಗೆ. ಅಧೀನ ಕಾರ್ಯದರ್ಶಿ ನಗಲಿಲ್ಲ. ಮಾಪಕದ ಜಾಗ ಬದಲಿಸುವ ವಿಷಯ ಮುಂದಿನ ನೀತಿಗೆ ಸೂಚನೆಯಾಗಿ ಬರೆದುಕೊಂಡಿದ್ದೇವೆ ಎಂದರು. ಊಟದ ಹೊತ್ತಿಗೆ ಎರಡೂ ಹೊಸ ಘಟಕಗಳಿಗೆ ಒಪ್ಪಿಗೆ ಸಿಕ್ಕಿತು.

ಹಾಗೆಂದರೆ ನಾನು ಬಾಯಿ ಮುಚ್ಚಿಕೊಂಡಿದ್ದರೂ ಒಪ್ಪಿಗೆ ಸಿಗುತ್ತಿತ್ತು, ಬಾಯಿ ಬಿಟ್ಟಿದ್ದರಿಂದಲೂ ಸಿಕ್ಕಿತು. ಬಾಯಿ ಬಿಟ್ಟಿದ್ದರಿಂದ ಆದದ್ದು ಒಂದೇ. ಮೊದಲು ಆ ಮೂಲೆಯ ಬಗ್ಗೆ ಒಂದು ಸುಳ್ಳಾದರೂ ದಾಖಲೆಯಲ್ಲಿತ್ತು. ಈಗ ಏನೂ ಇಲ್ಲ. ಇನ್ನು ಮೇಲೆ ಯಾರು ಬಂದು ಹುಡುಕಿದರೂ ದೊಡ್ಡ ಸರೋವರದ ಪೂರ್ವದಲ್ಲಿ ಖಾಲಿ ಜಾಗ ಸಿಗುತ್ತದೆ. ಮೆಟ್ಟಿಲಿಳಿಯುವಾಗ ನನಗೆ ಅಳು ಬರಲಿಲ್ಲ. ಅಳುವುದಕ್ಕೂ ಎಲ್ಲೋ ಒಂದು ಕಡೆ ಸ್ವಲ್ಪ ಆಸೆ ಇರಬೇಕು.

ಸರ್ಕಾರದ ನೋಟೀಸು ತಲುಪುವ ಮೊದಲು ನಾನೇ ಹೇಳಬೇಕೆಂದು ಶನಿವಾರ ತಮ್ಮನಲ್ಲಿಗೆ ಹೋದೆ. ಅವನ ಹೆಂಡತಿ ಪೇಟೆಗೆ ಹೋಗಿದ್ದಳು. ಅವನೊಬ್ಬನೇ ದಡದ ತಗಡಿನ ಶೆಡ್ಡಿನಲ್ಲಿ ಕೂತು ಹರಿದ ಬಲೆ ಹೊಲಿಯುತ್ತಿದ್ದ. ನನ್ನನ್ನು ಕಂಡು, ಹೇಳದೆ ಕೇಳದೆ ಬಂದೆಯಲ್ಲ ಎಂದು ಖುಷಿಪಟ್ಟು, ಕೂರಲು ಬುಟ್ಟಿ ಬೋರಲು ಹಾಕಿದ. ಬಾಗಿಲಾಚೆ ಸರೋವರ. ಹತ್ತು ಗಂಟೆಯಾಗಿದ್ದರೂ ಮೂಲೆಯ ಮೇಲೆ ಬಿಳಿ ಹಬೆ ತೇಲುತ್ತಿತ್ತು. ಎಷ್ಟು ಸಲ ಈ ಬುಟ್ಟಿಯ ಮೇಲೆ ಕೂತು ಅದನ್ನು ಕಣ್ಣಾರೆ ನೋಡಿದ್ದೆನೋ. ಮಂಜು ಎಂದುಕೊಂಡಿದ್ದೆ. ಚೆನ್ನಾಗಿದೆ ಎಂದೂ ಹೇಳಿದ್ದೆ.

ಎಲ್ಲ ಹೇಳಿದೆ. ಹಬೆ, ಕತ್ತರಿ, ನೀಲಿ ಬಣ್ಣ, ಸಭೆ, ಅಡ್ಡಗೋಡೆ, ಯಾವುದನ್ನೂ ಬಿಡಲಿಲ್ಲ, ಯಾವುದನ್ನೂ ಮೆತ್ತಗೆ ಮಾಡಲಿಲ್ಲ. ಅವನು ಬೈಯಬೇಕಿತ್ತು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವನ ಸೂಜಿ ಮಾತ್ರ ನಿಂತಿತು.

"ಹಾಗಾದ್ರೆ ನೀರು ಬಿಸಿ ಇತ್ತಾ ಅಕ್ಕ?"

ಇತ್ತು ಎಂದೆ.

"ಮರಿಗೆ ರೋಗ ಇರ್ಲಿಲ್ವಾ?"

ಇರಲಿಲ್ಲ ಎಂದೆ. ನಿನ್ನ ಗೂಡು ಸರಿಯಾಗಿತ್ತು, ನಿನ್ನ ಕೆಲಸ ಸರಿಯಾಗಿತ್ತು, ನೀನು ಎಸೆದ ಥರ್ಮಾಮೀಟರ್ ಕೂಡ ಸರಿಯಾಗಿತ್ತು ಎಂದೆ.

ಅವನು ಬಲೆಯನ್ನು ಮಡಚಿ ಪಕ್ಕಕ್ಕಿಟ್ಟ. ಆಮೇಲೆ ಎದ್ದು, ಹಲಗೆಯ ಮೇಲಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ನನ್ನ ಮಡಿಲಲ್ಲಿ ಇಟ್ಟ. ಒಳಗೆ ಮಾತ್ರೆಯ ಹಾಳೆಗಳು, ಮಡಚಿದ ಚೀಟಿಗಳು. ನರಗಳ ಡಾಕ್ಟರ ಚೀಟಿ, ಮೊದಲನೆಯದಕ್ಕೆ ಆರು ವರ್ಷವಾಗಿತ್ತು.

"ಥರ್ಮಾಮೀಟರ್ ಎಸೆದ ಮೇಲೆ ನಾನು ಕೈ ಅದ್ದಿ ನೋಡ್ತಿದ್ದೆ. ಕೈಗೂ ಬಿಸಿ ಅಂತಾನೇ ಅನ್ಸೋದು. ನೀನು ತಣ್ಣಗಿದೆ ಅಂದಿದ್ದೆಯಲ್ಲ. ಹಾಗಾಗಿ ನನ್ನ ಕೈದೇ ಏನೋ ದೋಷ ಅನ್ಕೊಂಡು ಡಾಕ್ಟರ ಹತ್ರ ಹೋದೆ."

ಇದನ್ನು ಅವನು ಸಹಜವಾಗಿ, ಬಸ್ಸು ತಪ್ಪಿದ ಕಥೆ ಹೇಳುವಷ್ಟು ಸಹಜವಾಗಿ ಹೇಳಿದ. ಮೊದಲು ದಿನಕ್ಕೊಂದು ಮಾತ್ರೆ ಇತ್ತಂತೆ, ಆಮೇಲೆ ಎರಡು, ಈಗ ಮೂರು. ತಿಂದರೆ ದಿನವಿಡೀ ತೂಕಡಿಕೆ. ಎರಡು ವರ್ಷದಿಂದ ಬೆರಳು ಮರಗಟ್ಟಿವೆ, ಸೂಜಿ ಚುಚ್ಚಿದರೂ ರಕ್ತ ನೋಡಿದ ಮೇಲೇ ತಿಳಿಯುವುದು. ಆದರೆ ನೀರು ಬಿಸಿ ಅನ್ನಿಸುವುದು ಪೂರ್ತಿ ನಿಂತಿತು, ಔಷಧಿ ಹಿಡಿಯಿತು ಎಂದು ಅವನೂ ಅವನ ಹೆಂಡತಿಯೂ ಸಂತೋಷಪಟ್ಟಿದ್ದರಂತೆ. ಅಕ್ಕ ಸುಮ್ಮನೆ ಚಿಂತೆ ಮಾಡುತ್ತಾಳೆ ಎಂದು ನನಗೆ ಹೇಳಿರಲಿಲ್ಲ.

ನಾನು ಅವನ ಕೈ ಹಿಡಿದುಕೊಂಡೆ. ಹಿಡಿದದ್ದು ಅವನಿಗೆ ಗೊತ್ತಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ.

"ಇನ್ನು ಈ ಮಾತ್ರೆ ನಿಲ್ಲಿಸ್ಬಹುದಾ ಅಕ್ಕ?" ಎಂದು ಕೇಳಿದ.

ಐವತ್ತರ ಹತ್ತಿರದ ಗಂಡಸು, ಹನ್ನೊಂದು ವರ್ಷದವನಂತೆ ನನ್ನ ಮುಖ ನೋಡುತ್ತಿದ್ದ. ನಿಲ್ಲಿಸು ಎನ್ನಲು ನನಗೆ ಬಾಯಿ ಬರಲಿಲ್ಲ. ನಿಲ್ಲಿಸಬೇಡ ಎನ್ನಲೂ ಬರಲಿಲ್ಲ. ನನ್ನನ್ನು ಕೇಳಬೇಡ, ಡಾಕ್ಟರನ್ನೇ ಕೇಳು ಎಂದೆ.

"ಡಾಕ್ಟರು ಮೊದ್ಲು ನಂಬ್ಲಿಲ್ಲ ಅಕ್ಕ, ನೀರೇ ಬಿಸಿ ಇರ್ಬೇಕು ಅಂದ್ರು," ಎಂದ ತಮ್ಮ. "ನಾನೇ ನಿನ್ನ ನಕ್ಷೆ ತೋರ್ಸಿ ಮಾತ್ರೆ ಬರೆಸ್ಕೊಂಡೆ."